ಹಿಮದಲ್ಲಿ ನಿಲ್ಲುವ ಟೆಂಟ್: ಕೊಳ್ಳುವ ಮುಂಚೆ ಎಲ್ಲೆಲ್ಲಿ ಕೈಯಾಡಿಸಬೇಕು

ನಾನು ಟೆಂಟ್ ಮಾರುವವನಲ್ಲ, ರಿಪೇರಿ ಮಾಡುವವನು. ಒಂದು ಹೊಲಿಗೆ ಯಂತ್ರ, ಪೋಲ್ ಕತ್ತರಿಸುವ ಸಣ್ಣ ಗರಗಸ, ಸಿಲಿಕೋನ್ ಟ್ಯೂಬುಗಳು, ಜಿಪ್ ಸ್ಲೈಡರ್ ತುಂಬಿದ ಡಬ್ಬಿ, ಇಷ್ಟು ನನ್ನ ಸರಂಜಾಮು. ಹಿಮದಲ್ಲಿ ಉಳಿಯೋಕೆ ಯಾವ ಟೆಂಟ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಕಂಪನಿಗಳ ಹೆಸರು ಬರುವುದಿಲ್ಲ. ಟೆಂಟ್‌ಗಳು ಮುರಿದು ಬರುವ ಜಾಗಗಳು ಬರುತ್ತವೆ. ಚಳಿಗಾಲ ಮುಗಿದ ಮೇಲೆ ನನ್ನ ಮೇಜಿಗೆ ಬರುವ ಟೆಂಟ್‌ಗಳ ಗಾಯಗಳೆಲ್ಲ ಹೆಚ್ಚುಕಡಿಮೆ ಅವೇ. ಜೋಡಣೆಯ ಹತ್ತಿರ ಸೀಳಿದ ಪೋಲ್, ಆ ಸೀಳು ಚುಚ್ಚಿ ಹರಿದ ಬಟ್ಟೆ, ಬುಡಸಮೇತ ಕಿತ್ತುಬಂದ ಹಗ್ಗದ ಕುಣಿಕೆ, ಹಲ್ಲು ಕಚ್ಚದ ಜಿಪ್. ಇವುಗಳ ಜೊತೆಗೆ, ಯಾರೂ ನಿರೀಕ್ಷಿಸದ ಇನ್ನೊಂದು ಗಾಯವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಚೀಟಿಯ ಮೇಲೆ ‘ನಾಲ್ಕು ಋತುವಿನ ಟೆಂಟ್’ ಎಂದು ಬರೆದಿದ್ದರೆ ಕೆಲಸ ಮುಗಿಯಿತು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಆ ಮಾತಿಗೆ ಎಲ್ಲ ತಯಾರಕರೂ ಒಪ್ಪಿಕೊಂಡ ಅಳತೆಗೋಲು ಯಾವುದೂ ಇಲ್ಲ. ಒಬ್ಬರ ನಾಲ್ಕು ಋತು ಇನ್ನೊಬ್ಬರ ಮೂರೂವರೆ. ಅದಕ್ಕೇ ಚೀಟಿ ಬಿಟ್ಟು ಟೆಂಟನ್ನೇ ಓದಬೇಕು. ಓದುವ ಕ್ರಮ ಒಂದೇ: ಗಾಳಿ ಇಲ್ಲಿ ಒತ್ತಿದರೆ ಆ ಒತ್ತಡ ಮುಂದೆ ಎಲ್ಲಿಗೆ ಹೋಗುತ್ತದೆ? ಬಟ್ಟೆಯಿಂದ ಪೋಲ್‌ಗೆ, ಪೋಲ್‌ನಿಂದ ಹಗ್ಗಕ್ಕೆ, ಹಗ್ಗದಿಂದ ಹಿಮದಲ್ಲಿ ಹೂತ ಗೂಟಕ್ಕೆ. ಈ ದಾರಿಯುದ್ದಕ್ಕೂ ಬೆರಳಾಡಿಸಿಕೊಂಡು ಹೋಗಿ. ಎಲ್ಲಿ ನಿಮ್ಮ ಬೆರಳಿಗೆ ಅನುಮಾನ ಬರುತ್ತದೋ ಟೆಂಟ್ ಅಲ್ಲೇ ಹೋಗುತ್ತದೆ.

ಎಷ್ಟು ಭಾರ ಹೊರಬೇಕು

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸಮುದ್ರಮಟ್ಟದ ಲೆಕ್ಕದಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ತನಗೆ ಎದುರಾದ ಪ್ರತಿ ಚದರ ಮೀಟರಿನ ಮೇಲೆ ಸುಮಾರು 4 ಕೆ.ಜಿ. ತೂಕದಷ್ಟು ಒತ್ತುತ್ತದೆ. 60 ಕಿ.ಮೀ. ಆದರೆ ಸುಮಾರು 17 ಕೆ.ಜಿ., 90 ಆದರೆ 40ರ ಹತ್ತಿರ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಈ ಅಂಕಿ ಸ್ವಲ್ಪ ಇಳಿಯುವುದು ನಿಜ, ಆದರೆ ಬೆಟ್ಟದ ಏಣಿನ ಮೇಲೆ ವೇಗವೇ ಏರಿರುತ್ತದೆ, ಆ ರಿಯಾಯಿತಿಯನ್ನು ನಂಬಿ ಕೂರಬೇಡಿ. ಇಬ್ಬರು ಮಲಗುವ ಟೆಂಟಿನ ಒಂದು ಪಕ್ಕ ಸಲೀಸಾಗಿ ಎರಡು ಚದರ ಮೀಟರಿಗಿಂತ ಹೆಚ್ಚಿರುತ್ತದೆ. ಅಂದರೆ ಜೋರು ಗಾಳಿಯಲ್ಲಿ ಒಬ್ಬ ದೊಡ್ಡ ಆಳು ಮೈಭಾರ ಬಿಟ್ಟು ಒರಗಿಕೊಂಡಂತೆ, ಅದೂ ಒಂದೇ ಸಮ ಅಲ್ಲ, ಬಿಟ್ಟು ಬಿಟ್ಟು ತಳ್ಳುತ್ತ.

ಹಿಮದ ತೂಕ ಇನ್ನೂ ಮೋಸದ್ದು. ಆಗತಾನೇ ಬಿದ್ದ ಒಣ ಹಿಮ ಘನ ಮೀಟರಿಗೆ 50ರಿಂದ 100 ಕೆ.ಜಿ. ತೂಗುತ್ತದೆ, ಗಾಳಿ ಒತ್ತಿ ಗಟ್ಟಿಮಾಡಿದ್ದು 300ನ್ನೂ ದಾಟಬಹುದು. ಎರಡು ಚದರ ಮೀಟರ್ ಮಾಡಿನ ಮೇಲೆ ಕಾಲು ಮೀಟರ್ ಹಿಮ ಕೂತರೆ, ಹಗುರದ್ದಾದರೂ 50 ಕೆ.ಜಿ. ಆಗಬಹುದು, ಗಟ್ಟಿಯದ್ದಾದರೆ 150. ಬೇಸಿಗೆ ಟೆಂಟಿನ ನೆತ್ತಿ ಚಪ್ಪಟೆಯಾಗಿರುವುದರಿಂದ ಹಿಮ ಅಲ್ಲೇ ಕೂತು ಬಟ್ಟೆಯನ್ನು ಬಟ್ಟಲು ಮಾಡುತ್ತದೆ. ಬಟ್ಟಲಾದ ಮೇಲೆ ಜಾರುವ ಮಾತೇ ಇಲ್ಲ, ತುಂಬಿಕೊಳ್ಳುವುದಷ್ಟೇ. ಟೆಂಟ್ ನೋಡುವಾಗ ಪೋಲ್‌ಗಳ ನಡುವೆ ನೆತ್ತಿಯ ಮೇಲೆ ಅಗಲವಾದ ಖಾಲಿ ಬಟ್ಟೆ ಎಷ್ಟಿದೆ ನೋಡಿ. ಅಂಗೈ ಇಟ್ಟು ಒತ್ತಿ. ಸುಲಭವಾಗಿ ಹೊಂಡ ಬಿದ್ದರೆ ಅದು ಹಿಮದ ಟೆಂಟ್ ಅಲ್ಲ.

ಆಕಾರದ ಮಾತು

ಎರಡೇ ಪೋಲ್ ನೆತ್ತಿಯಲ್ಲಿ ಒಮ್ಮೆ ಅಡ್ಡ ಹಾದುಹೋಗುವ ಸಾದಾ ಗುಮ್ಮಟವನ್ನು ಈ ಲೆಕ್ಕದಿಂದ ಬಿಟ್ಟುಬಿಡೋಣ. ಕಾಡಿನ ಮರೆಯಲ್ಲಿ, ಹಗುರ ಹಿಮದ ಒಂದು ರಾತ್ರಿಗೆ ಅದು ಆದೀತು, ಬಯಲಿಗೆ ಬೇಡ. ಉಳಿದವು ಮುಖ್ಯವಾಗಿ ಎರಡು.

ಒಂದು, ಜಿಯೋಡೆಸಿಕ್. ನಾಲ್ಕೈದು ಪೋಲ್‌ಗಳು ಹಲವು ಕಡೆ ಒಂದರ ಮೇಲೊಂದು ಹಾದು ತ್ರಿಕೋನಗಳ ಜಾಲ ಮಾಡುತ್ತವೆ. ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ಕಟ್ಟಡಗಳಿಗೆ ಬಳಸಿದ ಗುಮ್ಮಟದ ತತ್ವವನ್ನೇ ಹಿಡಿದು ನಾರ್ತ್ ಫೇಸ್ ಕಂಪನಿ 1975ರಲ್ಲಿ ‘ಓವಲ್ ಇಂಟೆನ್ಷನ್’ ಎಂಬ ಟೆಂಟ್ ತಂದಿತು; ಇವತ್ತಿನ ಪರ್ವತದ ಟೆಂಟ್‌ಗಳು ಬಹುಪಾಲು ಅದರ ವಂಶ. ಇದರ ಗುಣ ಏನೆಂದರೆ ಗಾಳಿ ಯಾವ ದಿಕ್ಕಿನಿಂದ ಬಂದರೂ ಹೆಚ್ಚು ವ್ಯತ್ಯಾಸವಿಲ್ಲ, ಹಿಮದ ಭಾರವನ್ನೂ ಹಂಚಿಕೊಂಡು ಹೊರುತ್ತದೆ. ಒಂದು ಹಗ್ಗ ಕಳಚಿದರೂ ಎದ್ದು ನಿಂತಿರುತ್ತದೆ. ತೊಂದರೆ ತೂಕದ್ದು: ಇಬ್ಬರ ಟೆಂಟ್ 3ರಿಂದ 4.5 ಕೆ.ಜಿ. ಮೇಲಾಗಿ ಇಷ್ಟು ಪೋಲ್‌ಗಳನ್ನು ಗಾಳಿಯಲ್ಲಿ ಜೋಡಿಸುವಾಗ ಯಾವುದು ಎಲ್ಲಿಗೆ ಎಂದು ತಲೆ ಕೆಡುತ್ತದೆ. ಪೋಲ್ ತುದಿಗೂ, ಪೋಲ್ ತೂರಿಸುವ ಬಟ್ಟೆಯ ಕೊಳವೆಯಾದ ಸ್ಲೀವ್‌ನ ಬಾಯಿಗೂ ಒಂದೇ ಬಣ್ಣದ ಗುರುತು ಹಾಕಿರುವ ಟೆಂಟ್ ಸಿಕ್ಕರೆ ಅದಕ್ಕೆ ನನ್ನ ಒಂದು ಅಂಕ ಹೆಚ್ಚು.

ಇನ್ನೊಂದು, ಸುರಂಗದ ಆಕಾರದ್ದು. ಮೂರ್ನಾಲ್ಕು ಕಮಾನುಗಳು ಸಾಲಾಗಿ, ಒಂದಕ್ಕೊಂದು ತಾಗದೆ ನಿಲ್ಲುತ್ತವೆ. ಎರಡು ತುದಿಯನ್ನೂ ಎಳೆದು ಕಟ್ಟದಿದ್ದರೆ ಇದು ನಿಲ್ಲುವುದೇ ಇಲ್ಲ. ಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿದರೆ ಭಲೇ ಗಟ್ಟಿ. ಗಾಳಿ ತಿರುಗಿ ಪಕ್ಕೆಗೆ ಬಡಿದರೆ ಒಳಗಿರುವವರ ಮುಖದ ಮೇಲೆ ಬಟ್ಟೆ ಬಂದು ಹೋಗುತ್ತಿರುತ್ತದೆ. ಭಾರೀ ಹಿಮ ಕಮಾನುಗಳ ನಡುವೆ ಇಳಿಬೀಳುತ್ತದೆ. ಆದರೂ ಹಿಮಬಯಲಲ್ಲಿ ದಿನಾ ಜಾಗ ಬದಲಿಸುತ್ತ, ಸಾಮಾನನ್ನು ಸ್ಲೆಡ್ಜ್ ಮೇಲೆ ಎಳೆಯುತ್ತ ಹೋಗುವವರು ಇದನ್ನೇ ಇಷ್ಟಪಡುವುದಕ್ಕೆ ಕಾರಣವಿದೆ. ಪೋಲ್‌ಗಳನ್ನು ಸ್ಲೀವ್‌ನಿಂದ ಪೂರ್ತಿ ತೆಗೆಯದೆ ಅರ್ಧ ಮಡಿಚಿ ಉದ್ದಕ್ಕೆ ಸುತ್ತಿಟ್ಟರೆ ಸಂಜೆ ಕೆಲವೇ ನಿಮಿಷದಲ್ಲಿ ಎಬ್ಬಿಸಬಹುದು, ತೂಕಕ್ಕೆ ಹೋಲಿಸಿದರೆ ಒಳಗೆ ಜಾಗವೂ ಧಾರಾಳ.

ನನ್ನ ತೀರ್ಪು ಕೇಳಿದರೆ, ಒಂದೇ ಕಡೆ ಬೀಡುಬಿಟ್ಟು ಗಾಳಿ ಹಿಮ ಏನು ಬಂದರೂ ಅಲ್ಲೇ ಇರುವವರಿಗೆ ಜಿಯೋಡೆಸಿಕ್. ದಿನವೂ ನಡೆಯುವವರಿಗೆ, ಗಾಳಿಯ ದಿಕ್ಕು ನೋಡುವ ಅಭ್ಯಾಸ ಇರುವವರಿಗೆ ಸುರಂಗ. ಮೊದಲ ಸಲ ಹಿಮಕ್ಕೆ ಹೋಗುವವರು ಕಣ್ಣುಮುಚ್ಚಿ ಮೊದಲನೆಯದನ್ನೇ ಆರಿಸಿ. ನಡುಗಂಬದ ಪಿರಮಿಡ್ ಟೆಂಟ್‌ಗಳೂ ಇವೆ, ಹಗುರ, ಹಿಮ ಚೆನ್ನಾಗಿ ಜಾರುತ್ತದೆ, ಆದರೆ ತಳವಿಲ್ಲದ ಅಂಥದ್ದರಲ್ಲಿ ಅಂಚಿಗೆ ಹಿಮ ಒತ್ತಿ ಮುಚ್ಚುವುದು ಕೈಪಳಗಿದವರ ಕೆಲಸ.

ಪೋಲ್: ಅರ್ಧ ಜೀವ ಇಲ್ಲಿದೆ

ಫೈಬರ್‌ಗ್ಲಾಸ್ ಪೋಲ್ ಇದ್ದರೆ ಟೆಂಟನ್ನು ವಾಪಸ್ ಇಟ್ಟುಬಿಡಿ, ಮುಂದೆ ನೋಡುವ ಅಗತ್ಯವಿಲ್ಲ. ಅದು ಮುರಿಯುವಾಗ ಎಳೆ ಎಳೆಯಾಗಿ ಸೀಳುತ್ತದೆ, ಸೀಳಿದ ಮೇಲೆ ಜೋಡಿಸೋಕೆ ನನ್ನಂಥವರ ಕೈಯಲ್ಲೂ ಆಗುವುದಿಲ್ಲ. ಕಾರ್ಬನ್ ಹಗುರವೇನೋ ಹೌದು, ಆದರೆ ಮುನ್ಸೂಚನೆ ಕೊಡದೆ ಲಟಕ್ಕನೆ ಹೋಗುತ್ತದೆ. ಬೇಕಾದದ್ದು ಅಲ್ಯೂಮಿನಿಯಂ, ಅದರಲ್ಲೂ 7000 ಸರಣಿಯ ಮಿಶ್ರಲೋಹ. 7075 ಎಂಬ ಅಂಕಿ ವಿವರಪಟ್ಟಿಯಲ್ಲಿ ಕಾಣುತ್ತದೆ. ಅದು ಮುರಿಯುವ ಮುಂಚೆ ಬಾಗುತ್ತದೆ. ಬಾಗಿದ ಪೋಲ್ ರಾತ್ರಿ ಕಳೆಯಲು ಬಿಡುತ್ತದೆ.

ದಪ್ಪ ನೋಡಿ. ಬೇಸಿಗೆ ಟೆಂಟ್‌ಗಳಲ್ಲಿ 8.5 ಮಿ.ಮೀ. ಆಸುಪಾಸು ಇರುತ್ತದೆ, ಹಿಮದವುಗಳಲ್ಲಿ 9ರಿಂದ 10, ಕೆಲವದರಲ್ಲಿ ಇನ್ನೂ ಹೆಚ್ಚು. ಒಂದೂವರೆ ಮಿಲಿಮೀಟರಿನಲ್ಲಿ ಏನಿದೆ ಅನಿಸಬಹುದು. ಕೊಳವೆಯ ಗೋಡೆ ಅಷ್ಟೇ ದಪ್ಪವಿದ್ದು ಅಗಲ ಮಾತ್ರ ಹೆಚ್ಚಿದರೆ, ಬಾಗುವಿಕೆಗೆ ಅದು ಕೊಡುವ ತಡೆ ಹೆಚ್ಚುಕಡಿಮೆ ಅಗಲದ ಘನದಷ್ಟು ಏರುತ್ತದೆ. 8.5ರಿಂದ 10ಕ್ಕೆ ಹೋದರೆ ಬಿಗುವು ಒಂದೂವರೆ ಪಟ್ಟಿಗಿಂತ ಹೆಚ್ಚು. ಕೆಲವು ಟೆಂಟ್‌ಗಳ ಸ್ಲೀವ್ ಅಗಲವಾಗಿದ್ದು ಒಂದೇ ಸ್ಲೀವ್‌ನಲ್ಲಿ ಎರಡು ಪೋಲ್ ತೂರಿಸಬಹುದು. ಬಿರುಗಾಳಿಯ ಜಾಗಕ್ಕೆ ಹೋಗುವವರು ಹೆಚ್ಚುವರಿ ಪೋಲ್ ಸೆಟ್ ತಂದು ಹಾಗೆ ಮಾಡುತ್ತಾರೆ. ಬಹಳ ಒಳ್ಳೆಯ ಅನುಕೂಲ.

ಸ್ಲೀವೋ ಕ್ಲಿಪ್ಪೋ ಎಂಬ ಜಗಳ ಮುಗಿಯುವಂಥದ್ದಲ್ಲ. ಸ್ಲೀವ್ ಒತ್ತಡವನ್ನು ಪೋಲ್‌ನ ಉದ್ದಕ್ಕೂ ಹರಡುತ್ತದೆ, ಕ್ಲಿಪ್ ಕೆಲವೇ ಬಿಂದುಗಳಲ್ಲಿ ಹಿಡಿಯುತ್ತದೆ. ಕ್ಲಿಪ್ ಬೇಗ ಹಾಕಬಹುದು, ಹಿಮ ಮೆತ್ತುವುದು ಕಡಿಮೆ. ಮುರಿದು ಬರುವ ಕ್ಲಿಪ್‌ಗಳನ್ನು ನೋಡಿ ನೋಡಿ ನಾನು ಸ್ಲೀವ್ ಪಕ್ಷ ಸೇರಿದ್ದೇನೆ. ಸ್ಲೀವ್ ಇದ್ದರೆ ಒಂದು ತುದಿ ಮುಚ್ಚಿರಲಿ, ಆಗ ಇನ್ನೊಂದು ಕಡೆಯಿಂದ ತಳ್ಳಿದರೆ ಸಾಕು, ಗಾಳಿಯಲ್ಲಿ ಟೆಂಟಿನ ಸುತ್ತ ಓಡಾಡಬೇಕಿಲ್ಲ.

ಈಗ ನನ್ನ ಮೇಜಿನ ಮಾತು. ಮುರಿದು ಬರುವ ಪೋಲ್‌ಗಳಲ್ಲಿ ತುಂಡಿನ ನಡುಮಧ್ಯೆ ಮುರಿದದ್ದು ಅಪರೂಪ. ಎರಡು ತುಂಡು ಸೇರುವಲ್ಲಿ, ಹೊರಕೊಳವೆಯ ಬಾಯಿ ಸೀಳಿರುತ್ತದೆ. ಒಳತುಂಡು ಪೂರ್ತಿ ಒಳಗೆ ಕೂರದೆ ಅರ್ಧಕ್ಕೇ ನಿಂತಿದ್ದಾಗ ಪೋಲ್ ಬಾಗಿಸಿದರೆ ಆಗುವುದು ಇದೇ. ಚಳಿಯಲ್ಲಿ ಇದಕ್ಕೆ ಎರಡು ಕಾರಣ: ಒಳಗಿನ ಎಲಾಸ್ಟಿಕ್ ದಾರ ಬಿಗುವು ಕಳೆದುಕೊಂಡು ತುಂಡುಗಳನ್ನು ಎಳೆದು ಕೂರಿಸುವುದಿಲ್ಲ; ಜೋಡಣೆಯೊಳಗೆ ಹಿಮದ ಪುಡಿ ಸೇರಿ ಹೆಪ್ಪುಗಟ್ಟಿರುತ್ತದೆ. ಪ್ರತಿ ಜೋಡಣೆಯನ್ನೂ ಕೈಯಿಂದ ತಳ್ಳಿ, ಟಕ್ ಎಂದು ಕೂತಿತೇ ನೋಡಿ, ಆಮೇಲೆ ಬಾಗಿಸಿ. ಸ್ಲೀವ್‌ನಲ್ಲಿ ಪೋಲನ್ನು ಯಾವಾಗಲೂ ತಳ್ಳಿ, ಎಳೆಯಬೇಡಿ. ಬೆಳಿಗ್ಗೆ ಜೋಡಣೆ ಅಂಟಿಕೊಂಡಿದ್ದರೆ ತಿರುಚಬೇಡಿ, ಕೈಗವಸಿನ ಮುಷ್ಟಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿ. ಕೊಳ್ಳುವಾಗ ಪೋಲ್‌ನ ಬಾಯಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಅಂಚು ನುಣುಪಾಗಿರಬೇಕು. ಜೊತೆಗೆ ಒಂದು ಗೇಣುದ್ದದ ರಿಪೇರಿ ಕೊಳವೆ ಬಂದಿದೆಯೇ ಕೇಳಿ. ಮುರಿದ ಜಾಗದ ಮೇಲೆ ಅದನ್ನು ಸರಿಸಿ ಎರಡು ತುದಿಗೂ ಟೇಪ್ ಸುತ್ತಿದರೆ ಪ್ರವಾಸ ಮುಗಿಯುವವರೆಗೆ ಹಿಡಿಯುತ್ತದೆ. ಅದು ನಿಮ್ಮ ಪೋಲ್ ಮೇಲೆ ಸರಾಗವಾಗಿ ಜಾರುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ. ಬೇರೆ ಅಳತೆಯ ಕೊಳವೆ ಇಟ್ಟು ಕಳಿಸಿದ ಟೆಂಟ್‌ಗಳನ್ನು ನೋಡಿದ್ದೇನೆ.

ಬಟ್ಟೆ

ನೀರು ತಡೆಯುವ ಅಂಕಿ ನೋಡಿ ಮರುಳಾಗಬೇಡಿ. 3000 ಮಿ.ಮೀ., 5000 ಮಿ.ಮೀ. ಎಂಬುದೆಲ್ಲ ಮಳೆಯ ಲೆಕ್ಕ. ಶೂನ್ಯಕ್ಕಿಂತ ಕೆಳಗೆ ಹಿಮ ಒದ್ದೆಯೇ ಮಾಡುವುದಿಲ್ಲ. ಅಲ್ಲಿ ಬೇಕಾದದ್ದು ಹರಿಯದ ಗುಣ. ನೂಲಿನ ದಪ್ಪ ಹೇಳುವ ಡೆನಿಯರ್ ಅಂಕಿ ಒಂದು ಸುಳಿವು. ಹೊರಹೊದಿಕೆಗೆ 30ರಿಂದ 40, ತಳಕ್ಕೆ 70 ಇದ್ದರೆ ನನಗೆ ನೆಮ್ಮದಿ. ಆದರೆ ಅದಕ್ಕಿಂತ ಮುಖ್ಯ ಲೇಪನ. ಎರಡೂ ಬದಿಗೆ ಸಿಲಿಕೋನ್ ಹಚ್ಚಿದ ನೈಲಾನ್‌ನಲ್ಲಿ ನೂಲುಗಳು ಸ್ವಲ್ಪ ಸರಿದಾಡುತ್ತವೆ, ಸೀಳು ಬಂದ ಕಡೆ ಗುಂಪುಗೂಡಿ ತಡೆಯುತ್ತವೆ. ಪಾಲಿಯುರೆಥೇನ್ ಲೇಪನ ನೂಲುಗಳನ್ನು ಬಿಗಿಯಾಗಿ ಅಂಟಿಸಿಬಿಡುವುದರಿಂದ ಅವು ಒಂದೊಂದಾಗಿ ಹರಿಯುತ್ತವೆ. ಸಣ್ಣ ತೂತು ಕೈಯಗಲ ಆಗುವುದು ಹೀಗೆ. ಸಿಲಿಕೋನ್‌ನ ಒಂದೇ ಕಿರಿಕಿರಿ, ಹೊಲಿಗೆಯ ಮೇಲೆ ಟೇಪ್ ಅಂಟುವುದಿಲ್ಲ. ಸಿಲಿಕೋನ್ ಅಂಟನ್ನೇ ಕೈಯಿಂದ ಹಚ್ಚಿಕೊಳ್ಳಬೇಕು. ತಯಾರಕರು ತಮ್ಮ ಬಟ್ಟೆ ಎಷ್ಟು ಕೆ.ಜಿ. ಎಳೆತಕ್ಕೆ ಹರಿಯುತ್ತದೆ ಎಂಬುದನ್ನು ಬರೆದಿದ್ದರೆ ಆ ಅಂಕಿಯನ್ನು ಹೋಲಿಸಿ ನೋಡಿ. ಬರೆಯುವ ಧೈರ್ಯ ಮಾಡಿದವರ ಮೇಲೆ ನನಗೆ ತುಸು ಗೌರವ ಹೆಚ್ಚು.

ಶೂನ್ಯದ ಆಸುಪಾಸಿನ ಒದ್ದೆ ಹಿಮದಲ್ಲಿ ನೈಲಾನ್ ತೇವ ಹೀರಿ ಉದ್ದವಾಗುತ್ತದೆ, ಸಂಜೆ ಬಿಗಿಯಾಗಿದ್ದದ್ದು ರಾತ್ರಿ ಜೋಲುತ್ತದೆ. ಪಾಲಿಯೆಸ್ಟರ್ ಹಾಗೆ ಮಾಡುವುದಿಲ್ಲ, ಬಿಸಿಲಿಗೂ ಹೆಚ್ಚು ಬಾಳುತ್ತದೆ. ಹಿಮ ಅತಿನೇರಳೆ ಕಿರಣಗಳನ್ನು ಕೆಳಗಿನಿಂದಲೂ ಎರಚುವುದರಿಂದ ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವ ಟೆಂಟಿಗೆ ಇದು ಸಣ್ಣ ವಿಷಯವಲ್ಲ.

ಹೊರಹೊದಿಕೆಯ ಒಳಗೆ ನಾವು ಮಲಗುವ ಭಾಗವಾದ ಒಳಗೂಡು ಬಲೆಯದ್ದಾಗಿದ್ದರೆ ಹಿಮಕ್ಕೆ ಬೇಡವೇ ಬೇಡ. ಗಾಳಿ ಎಬ್ಬಿಸುವ ಹಿಮದ ಹುಡಿ ಹಿಟ್ಟಿಗಿಂತ ನಯ. ಹೊದಿಕೆಯ ಅಂಚಿನ ಕೆಳಗೆ ತೂರಿ, ಬಲೆ ಹಾದು, ಮಲಗುವ ಚೀಲದ ಮೇಲೆ ಪದರ ಕಟ್ಟುತ್ತದೆ, ಮೈಬಿಸಿಗೆ ಕರಗಿ ಒಳಗಿಳಿಯುತ್ತದೆ. ಒಳಗೂಡು ಉಸಿರಾಡುವ ಗಟ್ಟಿ ಬಟ್ಟೆಯದ್ದಿರಲಿ, ಬಲೆ ಇರುವಲ್ಲೆಲ್ಲ ಜಿಪ್ ಎಳೆದು ಮುಚ್ಚುವಂತಿರಲಿ. ಹೊರಹೊದಿಕೆ ನೆಲ ಮುಟ್ಟಬೇಕು.

ಹೊದಿಕೆಯ ಅಂಚಿನಲ್ಲಿ ಅಡ್ಡಪಟ್ಟಿಯಂತೆ ಹರಡಿ ಮೇಲೆ ಹಿಮ ಹೇರುವ ಸ್ಕರ್ಟ್ ಕೆಲವದರಲ್ಲಿ ಇರುತ್ತದೆ. ಬಿರುಗಾಳಿಯ ಬಯಲಿನಲ್ಲಿ ಅದು ದೇವರು ಕೊಟ್ಟ ವರ. ಬೇರೆಲ್ಲ ಕಡೆ ಗಾಳಿಯಾಟ ಕಟ್ಟುತ್ತದೆ, ಬೆಳಿಗ್ಗೆ ಮಂಜುಗಡ್ಡೆಯ ಹಲಗೆಯಾಗಿ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಅವಸರದಲ್ಲಿ ಕೀಳಲು ಹೋಗಿ ಹರಿಯುತ್ತಾರೆ. ಸುರುಳಿ ಸುತ್ತಿ ಮೇಲೆ ಕಟ್ಟಿಡುವಂತಿದ್ದರೆ ಮಾತ್ರ ನನ್ನ ಒಪ್ಪಿಗೆ.

ಹಗ್ಗ, ಕುಣಿಕೆ, ಗೂಟ

1911ರ ಜುಲೈ, ಅಂಟಾರ್ಕ್ಟಿಕಾದ ನಡುಚಳಿಗಾಲ. ಬ್ರಿಟಿಷ್ ಅನ್ವೇಷಕ ಸ್ಕಾಟ್ ತಂಡದ ವಿಲ್ಸನ್, ಬವರ್ಸ್, ಚೆರ್ರಿ-ಗ್ಯಾರಾರ್ಡ್ ಎಂಬ ಮೂವರು ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೋಗಿದ್ದಾಗ ಬಿರುಗಾಳಿ ಅವರ ಟೆಂಟನ್ನೇ ಎತ್ತಿಕೊಂಡು ಹೋಯಿತು. ಗಾಳಿ ತಗ್ಗಿದ ಮೇಲೆ ಹುಡುಕಿದರೆ ಅರ್ಧ ಮೈಲಿ ದೂರದ ಇಳಿಜಾರಿನ ಬುಡದಲ್ಲಿ ಬಿದ್ದಿತ್ತು, ಕಂಬಗಳು ಒಟ್ಟುಗೂಡಿ ಮಡಚಿಕೊಂಡು, ಮತ್ತೆ ನಿಲ್ಲಿಸಿ ಮಲಗುವಷ್ಟು ಸುಸ್ಥಿತಿಯಲ್ಲಿ. ಅದು ಸಿಗದಿದ್ದರೆ ಮೂವರೂ ಉಳಿಯುತ್ತಿರಲಿಲ್ಲ. ವಾಪಸಿನ ದಾರಿಯಲ್ಲಿ ಬವರ್ಸ್ ಟೆಂಟಿಗೆ ಒಂದು ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ತನ್ನ ಮೈಗೇ ಕಟ್ಟಿಕೊಂಡು ಮಲಗುತ್ತಿದ್ದರಂತೆ. ನನಗೆ ಆ ಟೆಂಟಿನ ವಿಷಯದಲ್ಲಿ ಮುಖ್ಯವಾಗಿ ಕಾಣುವುದು, ಬಟ್ಟೆ ಸೋಲಲಿಲ್ಲ, ಕಂಬ ಸೋಲಲಿಲ್ಲ. ಹಿಡಿತ ಸೋತಿತು.

ಆದ್ದರಿಂದ ಕುಣಿಕೆಗಳನ್ನು ಲೆಕ್ಕ ಹಾಕಿ. ಇಬ್ಬರ ಟೆಂಟಿನಲ್ಲಿ ಬುಡದ ಕುಣಿಕೆಗಳನ್ನು ಬಿಟ್ಟು ಮೇಲ್ಭಾಗದಲ್ಲೇ ಎಂಟಾದರೂ ಹಗ್ಗ ಕಟ್ಟುವ ಜಾಗ ಇಲ್ಲದಿದ್ದರೆ ನಾನು ಮುಂದಕ್ಕೆ ಹೋಗುತ್ತೇನೆ. ಇನ್ನು ಹೊದಿಕೆಯನ್ನು ಒಳಮಗ್ಗುಲು ತಿರುಗಿಸಿ, ಪ್ರತಿ ಕುಣಿಕೆಯ ಹಿಂದೆ ಏನಿದೆ ನೋಡಿ. ಅಂಗಡಿಯಲ್ಲಿ ಹೀಗೆ ತಿರುಗಿಸಿ ನೋಡುವವರು ತೀರಾ ಕಡಿಮೆ. ಅಲ್ಲಿ ಇಮ್ಮಡಿ ಬಟ್ಟೆಯ ತೇಪೆ ಇರಬೇಕು, ಜೊತೆಗೆ ಪೋಲ್‌ಗೆ ಸುತ್ತಿ ಹಿಡಿಯುವ ವೆಲ್ಕ್ರೋ ಪಟ್ಟಿ ಅಥವಾ ಕಟ್ಟುದಾರ ಇರಬೇಕು. ಅದು ಇಲ್ಲದಿದ್ದರೆ ಹಗ್ಗ ಎಳೆಯುವುದು ಪೋಲನ್ನಲ್ಲ, ಬರೀ ಬಟ್ಟೆಯನ್ನು. ಕಿತ್ತುಬಂದ ಕುಣಿಕೆಗಳಲ್ಲಿ ನಾನು ಕಾಣುವುದು ಹೆಚ್ಚಾಗಿ ಇದೇ: ಪಟ್ಟಿ ಇದ್ದೇ ಇರುತ್ತದೆ, ಕಟ್ಟಿರುವುದಿಲ್ಲ, ಹೊಸದರ ಹಾಗೆ ಮಡಿಚಿಕೊಂಡೇ ಇರುತ್ತದೆ.

ಹಗ್ಗ 3 ಮಿ.ಮೀ. ಇರಲಿ. ತೆಳು ಹಗ್ಗ ಗಟ್ಟಿಯಿದ್ದರೂ ದಪ್ಪ ಕೈಗವಸಿಗೆ ಸಿಗುವುದಿಲ್ಲ. ಬಿಗಿಮಾಡುವ ಪ್ಲಾಸ್ಟಿಕ್ ತುಣುಕುಗಳೊಳಗೆ ಮಂಜುಗಡ್ಡೆ ಕಟ್ಟಿದರೆ ಹಗ್ಗ ಜಾರುತ್ತದೆ, ಹಾಗಾಗಿ ಬಿಗಿಯಾಗುವ, ಒಂದೇ ಎಳೆತಕ್ಕೆ ಬಿಚ್ಚುವ ಒಂದು ಗಂಟನ್ನು ಕೈಗವಸು ಹಾಕಿಕೊಂಡೇ ಕಟ್ಟಲು ಕಲಿತಿರಿ.

ಟೆಂಟಿನ ಜೊತೆ ಬರುವ ಸೂಜಿಯಂಥ ಗೂಟಗಳು ಹಿಮದಲ್ಲಿ ಬೆಣ್ಣೆಗೆ ಚುಚ್ಚಿದ ಕಡ್ಡಿ. ಅವನ್ನು ಮನೆಯಲ್ಲೇ ಬಿಟ್ಟು ಅಗಲವಾದ, ತೂತುಗಳಿರುವ ಹಿಮದ ಗೂಟ ತನ್ನಿ. ಗಟ್ಟಿ ಹಿಮದಲ್ಲಿ ಅವನ್ನು ನೆಟ್ಟರೆ ನಿಲ್ಲುತ್ತವೆ. ಹುಡಿ ಹಿಮದಲ್ಲಿ ಯಾವ ಗೂಟವೂ ನೆಟ್ಟಗೆ ನಿಲ್ಲುವುದಿಲ್ಲ, ಹೂಳಬೇಕು. ಒಂದಡಿ ಆಳದ ಗುಳಿ ತೋಡಿ, ಗೂಟವನ್ನೋ ಮರದ ಕಡ್ಡಿಯನ್ನೋ ಹಿಮ ತುಂಬಿದ ಬಟ್ಟೆಚೀಲವನ್ನೋ ಹಗ್ಗಕ್ಕೆ ಅಡ್ಡವಾಗಿ ಮಲಗಿಸಿ, ಮೇಲೆ ಹಿಮ ತುಂಬಿ ತುಳಿಯಿರಿ. ಆಮೇಲೆ ಅರ್ಧ ಗಂಟೆ ಮುಟ್ಟಬೇಡಿ. ತುಳಿತಕ್ಕೆ ಒತ್ತಿಕೊಂಡ ಹಿಮದ ಹರಳುಗಳು ಒಂದಕ್ಕೊಂದು ಬೆಸೆದುಕೊಳ್ಳಲು ಸಮಯ ಬೇಕು; ಬೆಸೆದ ಮೇಲೆ ಅದು ಕಲ್ಲು. ಹಗ್ಗವನ್ನು ಹೂತ ವಸ್ತುವಿಗೆ ಗಂಟು ಹಾಕದೆ ಸುತ್ತ ಬಳಸಿ ಎರಡೂ ತುದಿಯನ್ನು ಮೇಲಕ್ಕೆ ತಂದು ಅಲ್ಲಿ ಕಟ್ಟಿ. ಬೆಳಿಗ್ಗೆ ಗಂಟು ಬಿಚ್ಚಿ ಒಂದು ತುದಿ ಎಳೆದರೆ ಹಗ್ಗ ಬರುತ್ತದೆ, ಹೂತದ್ದು ಚೀಲವೋ ಗೂಟವೋ ಆದರೆ ನಿಧಾನಕ್ಕೆ ಅಗೆದುಕೊಳ್ಳಬಹುದು. ಈ ಕೆಲಸಕ್ಕಾಗಿ ಬುಡದ ಕುಣಿಕೆಗಳಿಗೆಲ್ಲ ಮೊದಲೇ ಎರಡೆರಡು ಅಡಿ ಹಗ್ಗ ಕಟ್ಟಿಟ್ಟಿರಿ. ಸ್ಕೀ ತೂರಿಸುವಷ್ಟು ಅಗಲದ ಕುಣಿಕೆ ಇರುವ ಟೆಂಟಾದರೆ ಇನ್ನೂ ಅನುಕೂಲ.

ಆರಂಭದಲ್ಲಿ ಹೇಳಿದ ಆ ಗಾಯ: ಸಲಿಕೆಯದ್ದು. ನೇರವಾದ, ಚೂರಿಯಲ್ಲಿ ಕೊಯ್ದಂಥ ಸೀಳು, ಹೊದಿಕೆಯ ಕೆಳಗಂಚಿಗೆ ಹತ್ತಿರ. ರಾತ್ರಿ ಬಿದ್ದ ಹಿಮವನ್ನು ಬೆಳಿಗ್ಗೆ ತೋಡಿ ತೆಗೆಯುವಾಗ ಹಿಮದೊಳಗೆ ಬಟ್ಟೆ ಎಲ್ಲಿದೆ ಕಾಣುವುದಿಲ್ಲ. ಗಾಳಿ ಹರಿಯದ ಟೆಂಟನ್ನು ಮಾಲೀಕರೇ ಹರಿದಿರುತ್ತಾರೆ. ಮಾಡಿನ ಹಿಮವನ್ನು ಒಳಗಿನಿಂದ ಅಂಗೈಯಲ್ಲಿ ತಟ್ಟಿ ಉದುರಿಸಿ, ಗೋಡೆಯ ಬುಡದ್ದನ್ನು ಕೈಯಿಂದಲೇ ಎಳೆಯಿರಿ, ಸಲಿಕೆ ಒಂದು ಮೊಳ ಆಚೆ ಇರಲಿ.

ಉಸಿರು

ಟೆಂಟ್ ಬೆಚ್ಚಗಿಡುತ್ತದೆ ಎಂಬ ಆಸೆಯಿಂದ ಕೊಳ್ಳಬೇಡಿ. ಹೊರಗಿಗಿಂತ ಒಳಗೆ ಕೆಲವೇ ಡಿಗ್ರಿ ಹೆಚ್ಚಿರುತ್ತದೆ, ಅಷ್ಟೇ. ಬೆಚ್ಚಗಿಡುವುದು ಮಲಗುವ ಚೀಲ ಮತ್ತು ಕೆಳಗಿನ ಹಾಸು. ಟೆಂಟಿನ ಕೆಲಸ ಗಾಳಿ ಮತ್ತು ಹಿಮವನ್ನು ಆಚೆ ಇಡುವುದು. ಬೆಚ್ಚಗಾಗಲಿ ಎಂದು ಎಲ್ಲ ಕಿಂಡಿ ಮುಚ್ಚಿದರೆ ಏನಾಗುತ್ತದೆ? ಒಬ್ಬ ಮನುಷ್ಯ ರಾತ್ರಿ ಕಳೆಯುವಷ್ಟರಲ್ಲಿ ಉಸಿರು ಮತ್ತು ಚರ್ಮದಿಂದ ಕಾಲು ಲೀಟರಿಗಿಂತ ಹೆಚ್ಚು ನೀರನ್ನು ಆವಿಯಾಗಿ ಬಿಡುತ್ತಾನೆ. ಅದು ಗೋಡೆಗೆ ತಾಗಿ ಗಡ್ಡೆಕಟ್ಟಿ, ಬೆಳಿಗ್ಗೆ ನೀವು ಏಳುವಾಗ ತಲೆಯ ಮೇಲೆ ಉದುರುತ್ತದೆ. ನೆತ್ತಿಯಲ್ಲಿ ಒಂದು ಕಿಂಡಿ, ತಗ್ಗಿನಲ್ಲಿ ಇನ್ನೊಂದು ಇರಬೇಕು, ಒಳಗಿನಿಂದಲೇ ತೆರೆದು ಮುಚ್ಚುವಂತಿರಬೇಕು. ಬೇರೆ ಒಳಗೂಡು ಇಲ್ಲದ ಒಂಟಿ ಗೋಡೆಯ ಟೆಂಟ್‌ಗಳು ಎರಡು ಕೆ.ಜಿ. ಒಳಗೇ ಸಿಗುತ್ತವೆ, ಒಣ ಚಳಿಯ ಕಡಿದಾದ ಬೆಟ್ಟದಲ್ಲಿ ಅಂಗೈಯಗಲ ಜಾಗದಲ್ಲೂ ನಿಲ್ಲುತ್ತವೆ, ಆದರೆ ಈ ಆವಿಯ ಕಾಟ ಅವುಗಳಲ್ಲಿ ಹೆಚ್ಚು. ಪರ್ವತಾರೋಹಿಗಳಿಗೆ ಬಿಡಿ.

ಕಿಂಡಿಯ ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹಿಮದಲ್ಲಿ ಕುಡಿಯುವ ನೀರೆಂದರೆ ಕರಗಿಸಿದ ಹಿಮ. ಸ್ಟವ್ ಗಂಟೆಗಟ್ಟಲೆ ಉರಿಯುತ್ತದೆ. ತಣ್ಣನೆಯ ಪಾತ್ರೆಯ ತಳಕ್ಕೆ ಬಡಿದ ಜ್ವಾಲೆ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಕು ಬಂದರೆ ಎತ್ತರದ ಕಾಯಿಲೆ ಅಂದುಕೊಂಡು ಮಲಗಿಬಿಡುತ್ತಾರೆ. ಮುಚ್ಚಿದ ಟೆಂಟಿನೊಳಗೆ ಸ್ಟವ್ ಹಚ್ಚಿ ಸತ್ತವರಿದ್ದಾರೆ. ಅಡುಗೆ ಹೊರಗೆ, ಆಗದಿದ್ದರೆ ಬಾಗಿಲ ಮುಂದಿನ ಹೊರಗೂಡಿನಲ್ಲಿ, ಮೇಲಿನ ಜಿಪ್ ಇಳಿಸಿ, ಬಟ್ಟೆಯಿಂದ ದೂರದಲ್ಲಿ. ಅದಕ್ಕೇ ಹೊರಗೂಡು ದೊಡ್ಡದಿರುವ, ಹೊರಬಾಗಿಲು ಮೇಲಿನಿಂದ ಕೆಳಕ್ಕೂ ತೆರೆಯುವ ಟೆಂಟ್ ಬೇಕು ಎನ್ನುವುದು. ಹಿಮ ಬೀಳುವ ರಾತ್ರಿ ಎದ್ದೆದ್ದು ಕಿಂಡಿ ಮುಚ್ಚಿಹೋಗಿದೆಯೇ ನೋಡಬೇಕು. ಹೂತುಹೋದ ಟೆಂಟಿನಲ್ಲಿ ಸ್ಟವ್ ಇಲ್ಲದೆಯೂ ಉಸಿರು ಕಟ್ಟುತ್ತದೆ.

ಹೊರಗೂಡಿನ ನೆಲವನ್ನು ಮೊಣಕಾಲೆತ್ತರ ತೋಡಿದರೆ ಕೂತು ಬೂಟು ಹಾಕಲು ಜಾಗ ಆಗುತ್ತದೆ, ತಣ್ಣನೆಯ ಗಾಳಿಯೂ ಅಲ್ಲಿಗಿಳಿಯುತ್ತದೆ. ತಳವಿಲ್ಲದ ಹೊರಗೂಡಿನ ಲಾಭ ಇದು.

ಉಳಿದ ಸಣ್ಣಪುಟ್ಟವು

ಅಳತೆ: ಇಬ್ಬರಿದ್ದರೆ ಮೂವರ ಟೆಂಟ್. ಚಳಿಗಾಲದ ಚೀಲಗಳು ದಪ್ಪ, ಬೂಟು ಬಟ್ಟೆ ಎಲ್ಲ ಒಳಗೇ ಇರಬೇಕು. ಉದ್ದ 220 ಸೆಂ.ಮೀ. ಇದ್ದರೆ ಕಾಲಿನ ಕಡೆ ಚೀಲ ಗೋಡೆಗೆ ತಾಗಿ ಒದ್ದೆಯಾಗುವುದು ತಪ್ಪುತ್ತದೆ. ಬಾಗಿಲು ಎರಡಿರಲಿ, ಒಂದರ ಮುಂದೆ ಹಿಮ ಗುಡ್ಡೆಬಿದ್ದರೆ ಇನ್ನೊಂದು. ಜಿಪ್ ದಪ್ಪ ಹಲ್ಲಿನದು, ಎಳೆಯುವ ತುದಿಗೆ ಹಗ್ಗದ ಉಂಗುರ. ಬಣ್ಣ ಹಳದಿ, ಕಿತ್ತಳೆ ಅಥವಾ ಕೆಂಪು ಇರಲಿ; ಹಿಮದ ಬಿಳಿ ಮಸುಕಿನಲ್ಲಿ ಹತ್ತು ಹೆಜ್ಜೆ ಹೋಗಿ ತಿರುಗಿದರೂ ಕಾಣಬೇಕು. ಹಸಿರು ಟೆಂಟಿನೊಳಗೆ ಎರಡು ದಿನ ಬಿರುಗಾಳಿ ಕಳೆದವರ ಮುಖ ನೋಡಿದ್ದೇನೆ, ಅದಕ್ಕಿಂತ ಹಳದಿ ಮೇಲು.

ಒಳಗೂಡನ್ನು ಮೊದಲು ನಿಲ್ಲಿಸಿ ಮೇಲೆ ಹೊದಿಕೆ ಹಾಕುವ ಟೆಂಟ್‌ನಲ್ಲಿ, ಹೊದಿಕೆ ಹಾಕುವಷ್ಟರಲ್ಲಿ ಒಳಗೆ ಹಿಮ ತುಂಬಿರುತ್ತದೆ. ಹೊರ ಒಳ ಎರಡೂ ಒಟ್ಟಿಗೇ ಏಳುವಂಥದ್ದನ್ನು ಆರಿಸಿ.

ಎಲ್ಲಿ ನಿಲ್ಲಿಸಬೇಕು ಎಂಬುದು ಬೇರೆಯೇ ಪಾಠ. ಒಂದನ್ನಂತೂ ಇಲ್ಲೇ ಹೇಳಬೇಕು: 30ರಿಂದ 45 ಡಿಗ್ರಿ ಇಳಿಜಾರಿನ ಕೆಳಗೆ ಹಿಮಕುಸಿತ ಬಂದು ನಿಲ್ಲುವ ಜಾಗದಲ್ಲಿ ಯಾವ ಟೆಂಟೂ ಗಟ್ಟಿಯಲ್ಲ.

ಕೊಳ್ಳುವ ಮುಂಚೆ, ಅಥವಾ ಕೊಂಡ ತಕ್ಷಣ ವಾಪಸ್ ಕೊಡುವ ಅವಕಾಶ ಇರುವಾಗಲೇ, ಗಾಳಿ ಬೀಸುವ ಬಯಲಿಗೆ ಒಯ್ದು ದಪ್ಪ ಕೈಗವಸು ಹಾಕಿಕೊಂಡು ನಿಲ್ಲಿಸಿ ನೋಡಿ. ಕೈಗವಸು ತೆಗೆಯಬೇಕು ಅನಿಸಿದ ಪ್ರತಿ ಜಾಗವನ್ನೂ ಗುರುತು ಹಾಕಿಕೊಳ್ಳಿ. ಕೆಲವನ್ನು ಹಗ್ಗದ ಉಂಗುರ ಕಟ್ಟಿ ಸರಿಮಾಡಬಹುದು, ಕೆಲವನ್ನು ಆಗುವುದಿಲ್ಲ. ಎಲ್ಲ ಹಗ್ಗ ಬಿಗಿದ ಮೇಲೆ ಒಳಗೆ ಕೂತು ಕೇಳಿ. ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಕತ್ತರಿಸಿ ಹೊಲಿದಿರುವುದೇ ಸರಿಯಿಲ್ಲ, ರಾತ್ರಿಯಿಡೀ ಹಾಗೆ ಹೊಡೆದುಕೊಳ್ಳುವ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ದಣಿದು ಬಿಡುತ್ತದೆ. ಆಮೇಲೆ ಹೊರಗಿನಿಂದ ಪೋಲ್ ಹಿಡಿದು ಪಕ್ಕಕ್ಕೆ ಜೋರಾಗಿ ತಳ್ಳಿ. ಬಿಟ್ಟ ಕೂಡಲೇ ಮೊದಲಿನ ಜಾಗಕ್ಕೆ ಬರಬೇಕು.

ಬಾಡಿಗೆಯದ್ದು, ಹಳೆಯದ್ದು ತರುವುದಾದರೆ ಮೊದಲು ಮೂಗು ಹತ್ತಿರ ತನ್ನಿ. ಹುಳಿವಾಸನೆ ಬಂದರೆ, ತಳದ ಲೇಪನ ಬೆರಳಿಗೆ ಅಂಟಂಟಾದರೆ ಪಾಲಿಯುರೆಥೇನ್ ಕೊಳೆತಿದೆ, ಅದನ್ನು ಸರಿಮಾಡಲಾಗುವುದಿಲ್ಲ. ಬಿಸಿಲು ತಿಂದ ನೈಲಾನ್‌ನ ಬಣ್ಣ ಮಾಡಿನಲ್ಲಿ ಮಾತ್ರ ಮಂಕಾಗಿರುತ್ತದೆ. ಮಡಿಕೆಯೊಳಗಿನ ಬಣ್ಣದ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಜಾಸ್ತಿ ಇದ್ದರೆ ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಹರಿಯುವ ಹಾಗಿದ್ದರೆ ಅಲ್ಲೇ ಹರಿಯಲಿ. ಪೋಲ್ ಸೀಳಿರುವುದು, ಜಿಪ್ ಸ್ಲೈಡರ್ ಸವೆದಿರುವುದು, ಕುಣಿಕೆ ಕಿತ್ತಿರುವುದು, ಇವು ಮೂರೂ ಇದ್ದರೂ ಹೆದರಬೇಡಿ, ಅವು ಒಂದು ಮಧ್ಯಾಹ್ನದ ಕೆಲಸ.